ಹಿಂದಿನ ಮನೆ ಖಾಲಿ ಮಾಡಿದ್ದು

ಅವ್ವ ಬೋರಲು ಹಾಕಿದ ಬಕೆಟ್ಟಿನ ಮೇಲೆ ನಿಂತು ಗೋಡೆಯ ತೂತುಗಳಿಗೆ ಸುಣ್ಣ ತುಂಬುತ್ತಿದ್ದಳು. ಎಡಗೈಯಲ್ಲಿ ಅಂಟು ಹಾಕಿ ಕಲಸಿದ ಸುಣ್ಣದ ಉಂಡೆ. ಬಲಗೈ ಹೆಬ್ಬೆರಳಿನಿಂದ ಚೂರು ಚೂರೇ ಚಿವುಟಿ ಮೊಳೆ ಕಿತ್ತ ಜಾಗಕ್ಕೆ ಒತ್ತುವಳು, ಒದ್ದೆ ಬಟ್ಟೆಯಿಂದ ಸವರುವಳು, ಕತ್ತು ವಾರೆ ಮಾಡಿ ನೋಡುವಳು. ಕ್ಯಾಲೆಂಡರ್ ತೂಗುತ್ತಿದ್ದ ತೂತು, ಕನ್ನಡಿಯ ತೂತು, ಅಪ್ಪ ಅಂಗಿ ನೇತುಹಾಕುತ್ತಿದ್ದ ತೂತು. ಒಂದೊಂದೂ ಅವಳ ಹೆಬ್ಬೆರಳಿನ ಕೆಳಗೆ ಕಣ್ಣು ಮುಚ್ಚುತ್ತಿತ್ತು. ಮಗುವಿಗೆ ಔಷಧಿ ಹಚ್ಚುವ ಹಾಗೆ ಅಷ್ಟು ಜೋಪಾನವಾಗಿ ಅವಳು ಆ ಕೆಲಸ ಮಾಡುತ್ತಿದ್ದುದನ್ನು ನೋಡಿ ನನಗೆ ಮೈಯೆಲ್ಲಾ ಉರಿದುಹೋಯಿತು.

"ಯಾರ ಮನೆ ಅಂತ ಹಿಂಗೆ ತೀಡ್ತಾ ಇದೀಯ?" ಎಂದೆ.

"ನಾವಿದ್ದ ಮನೆ," ಎಂದಳು, ತಿರುಗಿ ನೋಡದೆ.

ನಮ್ಮನ್ನು ಹೊರಗೆ ಹಾಕುತ್ತಿದ್ದರು. ಅದನ್ನು ಹಾಗೆಂದು ಯಾರೂ ಹೇಳಿರಲಿಲ್ಲ, ಅಷ್ಟೆ. ಮನೆಯ ಮಾಲೀಕ ಪರ್ವತಯ್ಯ ಒಂದು ಬೆಳಿಗ್ಗೆ ಅಂಗಳ ದಾಟಿ ಬಂದು, ನಮ್ಮ ಹೊಸಿಲಿನ ಹೊರಗೇ ನಿಂತು, ಗೋಡೆಯಲ್ಲಿ ತೇವ ಏರಿದೆ, ಮಾಡು ಬಿಚ್ಚಿ ಕಟ್ಟಿಸಬೇಕು, ತಿಂಗಳು ತುಂಬುವುದರೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಹೋಗಿದ್ದರು. ಬಹಳ ಮೆತ್ತಗೆ ಹೇಳಿದರು. ಅವರು ಯಾವತ್ತೂ ದನಿ ಏರಿಸಿದವರಲ್ಲ. ಬೈದಿದ್ದರೆ ತಿರುಗಿ ನಾನೂ ಬೈದು ಹಗುರಾಗಬಹುದಿತ್ತು. ಮೆತ್ತಗಿನ ಮಾತಿಗೆ ಏನು ಮಾಡುವುದು? ಅದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ, ಉಗುಳಲೂ ಬರುವುದಿಲ್ಲ, ನುಂಗಲೂ ಬರುವುದಿಲ್ಲ.

ಅವರದು ದೊಡ್ಡ ಮನೆ. ಪೇಟೆ ಬೀದಿಗೆ ಮುಖ ಮಾಡಿದ ಪಾತ್ರೆ ಅಂಗಡಿ, ಅದರ ಬೆನ್ನಿಗೆ ಅಂಟಿಕೊಂಡೇ ಮನೆ. ಅಂಗಡಿಗೂ ಮನೆಗೂ ಹೊಸಿಲು ಒಂದೇ. ಅದರ ಹಿಂದೆ ಅಂಗಳ, ಅಂಗಳದ ಆಚೆ ನಾವಿದ್ದ ಎರಡು ಕೋಣೆಯ ಬಾಡಿಗೆ ಮನೆ. ನಮ್ಮ ತಲೆಬಾಗಿಲು ಹಿಂದಿನ ಓಣಿಗಿತ್ತು. ಅಂಗಳದ ಕಡೆಗೆ ಒಂದು ಸಣ್ಣ ಬಾಗಿಲು, ನಲ್ಲಿ ನೀರಿಗೆಂದು. ದೊಡ್ಡ ಮನೆಯ ಹಿತ್ತಿಲ ಜಗಲಿಯಲ್ಲಿ ಪರ್ವತಯ್ಯನವರ ತಾಯಿ ಹೊನ್ನಜ್ಜಿ ನಶ್ಯದ ಡಬ್ಬಿ ಹಿಡಿದು ಕೂತಿರುತ್ತಿದ್ದಳು. ಅವಳಿಗೂ ನಮ್ಮವ್ವನಿಗೂ ಅಂಗಳದ ಆಚೆಯಿಂದ ಈಚೆಗೆ ಮಾತು. ಅಕ್ಕಿ ಆರಿಸುತ್ತಾ ಇವಳು, ಬತ್ತಿ ಹೊಸೆಯುತ್ತಾ ಅವಳು. ನಾನು ಹುಟ್ಟುವ ಮೊದಲಿನಿಂದ ನಡೆದಿದ್ದ ಆ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ಈಚೆಗೆ ಅಜ್ಜಿ ಜಗಲಿಗೆ ಬರುವುದು ಕಡಿಮೆಯಾಗಿತ್ತು. ಕಾಲಿಗೆ ನೀರು ತುಂಬಿದೆ, ಉಸಿರು ಸಾಲುವುದಿಲ್ಲ ಎನ್ನುತ್ತಿದ್ದರು.

ನನ್ನದು ಏಳನೇ ಕ್ಲಾಸಿಗೆ ನಿಂತ ಓದು. ಅಪ್ಪ ಅಕ್ಕಿ ಗಿರಣಿಯ ಧೂಳು ಕುಡಿದೂ ಕುಡಿದೂ ಎದೆ ಕೆಡಿಸಿಕೊಂಡು ಮಲಗಿದಾಗ ನಾನು ಚೀಲ ಮೂಲೆಗೆಸೆದು ದಸ್ತಗೀರಣ್ಣನ ಶಾಮಿಯಾನದ ಅಂಗಡಿಗೆ ಸೇರಿದೆ. ಬೊಂಬು ನೆಡುವುದು, ಹಗ್ಗ ಬಿಗಿಯುವುದು, ಕುರ್ಚಿ ಹೊರುವುದು. ಮದುವೆಗೂ ನಾವೇ ಮೊದಲು ಹೋಗುವವರು, ಸಾವಿಗೂ ನಾವೇ. ಎಲ್ಲರೂ ಹೋದ ಮೇಲೆ ಗುಂಡಿ ಮುಚ್ಚಿ ಬರುವವರೂ ನಾವೇ. ಜನರ ಮನೆಯ ಒಳಗನ್ನು ಅಂಗಳದಲ್ಲಿ ನಿಂತೇ ಓದುವುದನ್ನು ಆ ಕೆಲಸ ನನಗೆ ಕಲಿಸಿತು. ಜೊತೆಗೆ ಸಿಟ್ಟನ್ನೂ ಕಲಿಸಿತು.

ಆ ಸಿಟ್ಟಿಗೆ ಒಂದು ಬೇರಿತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಅಪ್ಪನನ್ನು ಇನ್ನೇನೂ ಮಾಡುವಂತಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಕಿಟಕಿಯ ಪಕ್ಕ ಹಾಸಿಗೆ ಹಾಸಿ ಮಲಗಿಸಿದ್ದೆವು. ಆ ಕಿಟಕಿಯಿಂದ ಓಣಿಯ ಹೊಂಗೆಮರ ಕಾಣುತ್ತಿತ್ತು. ಅಪ್ಪ ಮಾತು ಬಿಟ್ಟು ಅದನ್ನೇ ನೋಡುತ್ತಿದ್ದ. ಪರ್ವತಯ್ಯ ಕಿತ್ತಳೆಹಣ್ಣು ಹಿಡಿದುಕೊಂಡು ನೋಡಲು ಬಂದರು. ಪಕ್ಕದಲ್ಲಿ ಕೂತು ಹಣೆ ಮುಟ್ಟಿದರು. ಆಮೇಲೆ ನನ್ನನ್ನು ಅಂಗಳಕ್ಕೆ ಕರೆದು, ಹೆಗಲ ಮೇಲೆ ಕೈಹಾಕಿ ಹೇಳಿದರು.

"ನೋಡಪ್ಪಾ, ಬಾಡಿಗೆ ಮನೆ ಅನ್ನೋದು ಇರೋಕೆ. ಹೋಗೋಕಲ್ಲ."

ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಆ ಮನೆಯನ್ನು ಆರು ತಿಂಗಳು ಬೀಗ ಹಾಕಿ ಬಿಡಬೇಕು, ಒಳಗೆ ಒಲೆ ಉರಿಯಕೂಡದು, ದೀಪ ಹಚ್ಚಕೂಡದು. ಪಂಚಾಂಗ ನೋಡಿಸಿದ್ದೇನೆ, ಬರುವ ದಿನಗಳು ಸರಿಯಿಲ್ಲ. ಹಾಗೇನಾದರೂ ಆದರೆ ನೀನೂ ನಿಮ್ಮವ್ವನೂ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ನಮ್ಮ ಒಳ್ಳೆಯದಕ್ಕೆ ನಾವು ಅಪ್ಪನನ್ನು ಶಾಮಿಯಾನದ ತಳ್ಳುಗಾಡಿಯಲ್ಲಿ, ಮದುವೆಗೆ ಹಾಸುವ ಜಮಖಾನದ ಮೇಲೆ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು. ಮಂಚ ಇರಲಿಲ್ಲ. ಮೆಟ್ಟಿಲ ಕೆಳಗೆ ಜಾಗ ತೋರಿಸಿದರು. ಅಪ್ಪ ಒಂದೇ ಮಾತು ಆಡಿದ್ದು, ಕಿಟಕಿ ತೆಗಿ ಅಂತ. ಅಲ್ಲಿ ಗೋಡೆ ಇತ್ತು. ತೆಗೀತೀನಪ್ಪಾ ಎಂದು ಹೇಳಿ ನಾನು ಗೋಡೆಯ ಕಡೆ ಕೈ ಚಾಚಿದೆ, ಅವನಿಗೆ ಕಾಣಲಿ ಎಂದು. ಅಲ್ಲೇ ಹೋದ. ಹೆಣವನ್ನೂ ಮನೆಗೆ ತರಲಿಲ್ಲ. ಆಸ್ಪತ್ರೆಯಿಂದ ನೇರ ಮಣ್ಣಿಗೆ. ಊರಿನವರ ಸಾವಿಗೆಲ್ಲ ಶಾಮಿಯಾನ ಕಟ್ಟಿದವನು ನನ್ನಪ್ಪನಿಗೆ ಒಂದು ಚದರ ಬಟ್ಟೆಯ ನೆರಳು ಕಟ್ಟಲಿಲ್ಲ, ಏಕೆಂದರೆ ಕಟ್ಟಲು ನಮಗೆ ಬಾಗಿಲು ಇರಲಿಲ್ಲ.

ಆಮೇಲೂ ನಾವು ಅದೇ ಮನೆಯಲ್ಲಿದ್ದೆವು. ಅದೇ ಕಿಟಕಿಯ ಪಕ್ಕ ಉಂಡು ಮಲಗಿದೆವು. ಬಡವರ ಸಿಟ್ಟಿಗೆ ಬೇರೆ ಮನೆ ಸಿಗುವುದಿಲ್ಲ.

ಈಗ ಹುಡುಕಲೇಬೇಕಾಯಿತು. ಬಾಡಿಗೆ ಮನೆ ಹುಡುಕುವವನಿಗೆ ತನ್ನ ಮುತ್ತಜ್ಜನ ಹೆಸರು ನೆನಪಿರಬೇಕು, ತನ್ನ ಅಡುಗೆಯ ವಾಸನೆ ಮರೆತುಹೋಗಿರಬೇಕು. ಒಬ್ಬಾಕೆ ಬಾಗಿಲ ಸಂದಿಯಿಂದಲೇ ನಾವು ಯಾವ ಜನ ಎಂದು ಕೇಳಿದಳು. ಇನ್ನೊಬ್ಬ ನೀರು ಎಷ್ಟು ಕೊಡ ಬಳಸುತ್ತೀರಿ ಎಂದು ಕೇಳಿದ. ಮತ್ತೊಬ್ಬ, ನಿನಗೆ ಮದುವೆಯಾಗಿಲ್ಲವಲ್ಲ, ಸ್ನೇಹಿತರು ಗಿಹಿತರು ಬರುತ್ತಾರೋ ಎಂದ. ಬರುತ್ತಾರೆ, ಶಾಮಿಯಾನದವರೆಲ್ಲ ಬರುತ್ತೇವೆ, ನಿಮ್ಮ ಮನೆಯದೂ ಮುಂದೆ ನಮ್ಮದೇ ಕೆಲಸ ಎಂದುಬಿಟ್ಟೆ. ಆ ಮನೆ ಹೋಯಿತು. ಅವ್ವ ಬೈಯಲಿಲ್ಲ, ನಕ್ಕಳು. ಕೊನೆಗೆ ಹಳೇ ಎಣ್ಣೆಗಾಣದ ಹಿಂದೆ ತಗಡಿನ ಮಾಡಿನ ಒಂದು ಕೋಣೆ ಸಿಕ್ಕಿತು. ಬಿಸಿಲಿಗೆ ಅದು ಬಾಣಲೆ. ಆದರೂ ಸಿಕ್ಕಿತಲ್ಲ.

ಮನೆ ಸಿಕ್ಕಿದ ಮೇಲಾದರೂ ಅವ್ವ ಗಂಟು ಕಟ್ಟಲು ಕೂರಬೇಕಿತ್ತು. ಅವಳು ಮನೆ ತೊಳೆಯಲು ಕೂತಳು. ಒಲೆಯ ಮೇಲಿನ ಮಸಿ ಕೆರೆದಳು. ನೆಲಕ್ಕೆ ಸೋಡಾ ಹಾಕಿ ಉಜ್ಜಿದಳು. ಕೂಲಿಯಿಂದ ಬಂದ ನನ್ನ ಕೈಗೇ ಬ್ರಶ್ಶು ಕೊಟ್ಟು ಸುಣ್ಣ ಹೊಡೆಸಿದಳು. ಬಿಚ್ಚಿ ಕಟ್ಟುವ ಮನೆಗೆ ಸುಣ್ಣ ಯಾಕೆ ಎಂದು ಕೇಳಿದರೆ, ಮನೆ ಬಿಡುವುದಕ್ಕೂ ಒಂದು ರೀತಿ ಇರುತ್ತದೆ, ಬಂದವರು ನಮ್ಮ ಹೆಸರು ಹಿಡಿದು ಮೂಗು ಮುಚ್ಚಿಕೊಳ್ಳಬಾರದು ಎಂದಳು. ಬರುವವರು ಗಾರೆಯವರು, ಅವರ ಮೂಗಿನ ಚಿಂತೆ ನಿನಗ್ಯಾಕೆ ಎಂದೆ. ಅವಳು ಕಿಟಕಿಯ ಕೀಲುಗಳಿಗೆ ಎಣ್ಣೆ ಬಿಟ್ಟಳು. ಬಹಳ ದಿನದಿಂದ ಅರ್ಧಕ್ಕೆ ನಿಂತಿದ್ದ ಕದ ಪೂರ್ತಿ ತೆರೆಯಿತು.

ಇದರ ನಡುವೆ ಅವಳು ನನಗೆ ಅರ್ಥವಾಗದ ಕೆಲವು ಕೆಲಸ ಮಾಡಿದಳು. ಎಲ್ಲ ಮೊಳೆ ಕಿತ್ತು ತೂತು ಮುಚ್ಚುತ್ತಿದ್ದವಳು ಕಿಟಕಿಯ ಪಕ್ಕ, ನೆಲದಲ್ಲಿ ಮಲಗಿದವರ ಕೈಗೆ ಎಟುಕುವ ಎತ್ತರದಲ್ಲಿ, ಒಂದು ಹೊಸ ಮೊಳೆ ಹೊಡೆದಳು. ಮರೆತು ಉಳಿದಿದೆ ಎಂದುಕೊಂಡು ನಾನು ಇಕ್ಕಳ ಹಾಕಲು ಹೋದರೆ ನನ್ನ ಕೈ ಹಿಡಿದು, ಅದು ಅಲ್ಲೇ ಇರಲಿ ಎಂದಳು. ಮರುದಿನ, ಶಾಮಿಯಾನದ ಹಳೇ ಹಗ್ಗ ಒಂದು ತುಂಡು ತಾ ಅಂದಳು, ಬೊಂಬಿಗೆ ಕಟ್ಟುವಂಥದ್ದಲ್ಲ, ಕೈಗೆ ಒತ್ತದಂಥ ನೂಲಿನದು. ತಂದೆ. ಅದನ್ನು ಕಿಟಕಿಯ ಸರಳಿನಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಬಿಗಿಸಿದಳು. ಬಟ್ಟೆ ಹರವಲು ಅದು ತೀರ ಕೆಳಗಾಯಿತು, ನನ್ನ ಸೊಂಟದಷ್ಟೂ ಇರಲಿಲ್ಲ. ಬಚ್ಚಲಿನ ಮೆಟ್ಟಿಲು ಎತ್ತರವಾಯಿತು ಎಂದು ಎರಡು ಇಟ್ಟಿಗೆ ಇಡಿಸಿ ಗಾರೆ ಹಾಕಿಸಿದಳು.

"ಮನೆ ಬಿಟ್ಟು ಹೋಗೋರು ಮೆಟ್ಟಿಲು ಕಟ್ತಾರೇನವ್ವ? ನಿಂಗೆ ತಲೆ ಸರಿ ಇದೆಯಾ?"

"ನೀನು ಗಾರೆ ನುಣ್ಣಗೆ ಮಾಡು. ಕಾಲಿಗೆ ತರಚಬಾರದು," ಎಂದಳು.

ನಾನು ಮಾಡಿದೆ. ಮಾಡುತ್ತಾ ಪರ್ವತಯ್ಯನವರನ್ನು ಮನಸ್ಸಿನಲ್ಲೇ ಏನೇನು ಅಂದೆನೋ, ಅದು ಬರೆಯುವಂಥದ್ದಲ್ಲ.

ವಿಷಯ ಹೊರಬಿದ್ದದ್ದು ಶಾಮಿಯಾನದ ಅಂಗಡಿಯಲ್ಲಿ. ಒಂದು ಮಧ್ಯಾಹ್ನ ನಾನು ಒಳಗೆ ಮಡಿಸಿಟ್ಟ ಪರದೆಗಳ ರಾಶಿಯ ಹಿಂದೆ ಕೂತು ಹರಿದ ಬಟ್ಟೆಗೆ ದಬ್ಬಳದಲ್ಲಿ ಹೊಲಿಗೆ ಹಾಕುತ್ತಿದ್ದೆ. ಪರ್ವತಯ್ಯನವರ ದನಿ ಕೇಳಿತು. ಗಲ್ಲಾ ಪೆಟ್ಟಿಗೆಯ ಮುಂದೆ ಕೂತಿದ್ದ ದಸ್ತಗೀರಣ್ಣನ ಹತ್ತಿರ ಅವರು ಮಾಮೂಲಿಗಿಂತ ಮೆತ್ತಗೆ ಮಾತಾಡುತ್ತಿದ್ದರು. ಹಿಂದಿನ ಓಣಿ ಇದೆಯಲ್ಲ, ಅದರಲ್ಲಿ ಎಷ್ಟು ಅಗಲದ ಶಾಮಿಯಾನ ಹಿಡಿಯುತ್ತದೆ? ಸಣ್ಣದು ಸಾಕು. ಬೊಂಬು ಪೇಟೆ ಬೀದಿಯ ಕಡೆ ಬರಬಾರದು, ಅಲ್ಲಿ ಅಂಗಡಿ ಇದೆ, ಈಗ ಮದುವೆ ಪಾತ್ರೆಯ ವ್ಯಾಪಾರದ ಕಾಲ. ಕುರ್ಚಿಯನ್ನೂ ಓಣಿಯ ಒಳಗೇ ಹಾಕಬೇಕು.

ಯಾವ ಕಾರ್ಯ ಸ್ವಾಮಿ, ಯಾವತ್ತಿಗೆ, ಎಂದು ದಸ್ತಗೀರಣ್ಣ ಕೇಳಿದ.

"ದಿನ ಅಂತ ಹೇಳೋಕಾಗಲ್ಲ. ಹೇಳಿಟ್ಟಿರೋಣ ಅಂತ. ವಯಸ್ಸಾದವರಿದ್ದಾರೆ ನೋಡಿ."

ಆಮೇಲೆ ದಸ್ತಗೀರಣ್ಣ ಅಮ್ಮನವರು ಹೇಗಿದ್ದಾರೆ ಎಂದ. ಹಿಂದಿನ ಮನೆ ಖಾಲಿ ಮಾಡಿಸುತ್ತಿದ್ದೇವೆ, ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ ಎಂದರು ಪರ್ವತಯ್ಯ.

ದಬ್ಬಳ ನನ್ನ ಹೆಬ್ಬೆರಳಿಗೆ ಹೋಗಿತ್ತು. ಅದನ್ನು ಕೀಳುವುದೂ ನೆನಪಾಗಲಿಲ್ಲ. ತೇವವಿಲ್ಲ, ರಿಪೇರಿಯಿಲ್ಲ, ಗಾರೆಯವರಿಲ್ಲ. ಮುದುಕಿ ದೊಡ್ಡ ಮನೆಯಲ್ಲಿ ಹೋದರೆ, ನಕ್ಷತ್ರ ಕೆಟ್ಟದ್ದಾದರೆ, ದೊಡ್ಡ ಮನೆಗೆ ಬೀಗ. ದೊಡ್ಡ ಮನೆಗೆ ಬೀಗ ಬಿದ್ದರೆ ಅದೇ ಹೊಸಿಲಿನ ಅಂಗಡಿಗೂ ಬೀಗ, ಅದೂ ಸರಿಯಾಗಿ ಮದುವೆಯ ಕಾಲದಲ್ಲಿ. ಹಿಂದಿನ ಮನೆಗೆ ಸಾಗಿಸಿಬಿಟ್ಟರೆ ಬೀಗ ಬೀಳುವುದು ಹಿಂದಿನ ಮನೆಗೆ. ನನ್ನಪ್ಪನಿಗೆ ಯಾವ ಮನೆಯಲ್ಲಿ ಸಾಯಲು ಜಾಗವಿಲ್ಲ ಎಂದರೋ ಆ ಮನೆಯನ್ನು ಹೆತ್ತ ತಾಯಿ ಸಾಯಲಿ ಎಂದು ಖಾಲಿ ಮಾಡಿಸುತ್ತಿದ್ದರು.

ಅವರು ಹೋದ ಮೇಲೆ ದಸ್ತಗೀರಣ್ಣ ರಾಶಿಯ ಹಿಂದೆ ಇಣುಕಿ, ಕೇಳಿಸಿತಾ ಎಂದ. ನಾನು ಹೆಬ್ಬೆರಳಿನಿಂದ ದಬ್ಬಳ ಕಿತ್ತೆ.

"ನಾನು ಒಪ್ಪಿಕೊಳ್ಳಲಿಲ್ಲ," ಎಂದ. "ಮದುವೆಗೆ ಮುಂಚೇನೇ ಹೇಳಿಡೋರು ಇದಾರೆ. ಇದಕ್ಕೆ ಹೇಳಿಡೋಕೆ ಬಂದೋರನ್ನ ಇವತ್ತೇ ನೋಡಿದ್ದು ನಾನು. ಹೋಗು, ಕೈ ತೊಳ್ಕೊ. ಬಟ್ಟೆಗೆ ರಕ್ತ ಆಗುತ್ತೆ."

ನಾನು ಕೈ ತೊಳೆಯದೆ ಮನೆಗೆ ಓಡಿದೆ.

ಅವ್ವ ಮತ್ತೆ ಬಕೆಟ್ಟಿನ ಮೇಲೆ ನಿಂತಿದ್ದಳು, ಬಾಗಿಲವಾಡದ ಪಕ್ಕದ ಕೊನೆಯ ತೂತುಗಳ ಹತ್ತಿರ. ನಾನು ಎಲ್ಲ ಒಂದೇ ಉಸಿರಿಗೆ ಒದರಿದೆ. ಅವಳ ಹೆಬ್ಬೆರಳು ನಿಲ್ಲಲಿಲ್ಲ. ಒತ್ತಿತು, ಸವರಿತು. ಆಗ ನನಗೆ ತಿಳಿಯಿತು. ಮೊಳೆ, ಹಗ್ಗ, ಮೆಟ್ಟಿಲು, ಕಿಟಕಿಯ ಎಣ್ಣೆ, ಎಲ್ಲವೂ ಒಂದೇ ಸಲ ತಿಳಿಯಿತು.

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಅಜ್ಜಿಗೆ?"

"ಅಜ್ಜಿ ಹೇಳಿದ್ದಕ್ಕೇ ಅಲ್ವಾ ನಂಗೆ ಗೊತ್ತಾಗಿದ್ದು. ನುಗ್ಗೆಸೊಪ್ಪು ಬಿಡಿಸ್ತಾ ಹೇಳಿದ್ರು. 'ತಾಯಮ್ಮ, ನಿಮ್ಮನ್ನ ಬಿಡಿಸಿ ನನ್ನ ಅಲ್ಲಿಡ್ತಾರಂತೆ ಕಣೆ, ನಿನ್ನ ಜಾಗ ಕಿತ್ಕೊಂಡೆ ಅಂತ ಬೈಕೋಬೇಡ' ಅಂದ್ರು."

ನಾನು ಬಿಡುವುದಿಲ್ಲ ಎಂದೆ. ನಾವು ಈ ಮನೆ ಬಿಡುವುದಿಲ್ಲ. ಪೊಲೀಸರು ಬಂದು ಎಳೆದು ಹಾಕಲಿ. ಮುದುಕಿ ದೊಡ್ಡ ಮನೆಯಲ್ಲೇ ಹೋಗಲಿ, ನಕ್ಷತ್ರ ಇನ್ನಿಲ್ಲದಷ್ಟು ಕೆಟ್ಟದ್ದಾಗಿರಲಿ, ಅಂಗಡಿಗೆ ಬೀಗ ಬೀಳಲಿ, ಕೊಪ್ಪರಿಗೆ ಹಂಡೆಗಳ ಮೇಲೆ ಜೇಡ ಬಲೆ ಕಟ್ಟಲಿ, ಆಗ ಗೊತ್ತಾಗುತ್ತದೆ ಬೀದಿಯಲ್ಲಿ ನಿಲ್ಲುವುದು ಅಂದರೆ ಏನು ಎಂದು. ಓಣಿಯ ಕೊನೆಯವರೆಗೆ ನನ್ನ ದನಿ ಕೇಳಿರಬೇಕು.

ಅವ್ವ ಬಕೆಟ್ಟಿನಿಂದ ಇಳಿದಳು. ಸೆರಗಿಗೆ ಕೈ ಒರೆಸಿಕೊಂಡಳು.

"ನಾವು ಬಿಡದಿದ್ರೆ ಆ ಯಮ್ಮನ್ನ ದೊಡ್ಡ ಮನೇಲಿ ಇಟ್ಕೋತಾರೆ ಅಂದ್ಕೊಂಡೆಯಾ? ಆಚೆ ಬೀದಿಯ ಪಾತ್ರೆ ಗೋದಾಮಿಗೆ ಹಾಕ್ತಾರೆ. ಅದನ್ನೂ ಮಾತಾಡಿಟ್ಟವ್ರೆ. ಅಲ್ಲಿ ಕಿಟಕಿ ಇಲ್ಲ."

ಕಿಟಕಿ ಎಂಬ ಮಾತು ಅವಳು ಬೇಕೆಂದು ಆಡಿದಳೋ ಇಲ್ಲವೋ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅದರಿಂದ ನಾನು ತಣ್ಣಗಾಗಲಿಲ್ಲ, ಇನ್ನೂ ಕಿಡಿಕಿಡಿಯಾದೆ. ನನ್ನಪ್ಪನಿಗೆ ಇಲ್ಲದ ಕಿಟಕಿ ಅವರಮ್ಮನಿಗೆ ಯಾಕೆ ಎಂದೆ.

"ನಿಮ್ಮಪ್ಪಂಗೆ ಇಲ್ಲ ಅಂದೋರು ಆ ಯಮ್ಮ ಅಲ್ಲ. ಗಾಡಿ ಓಣಿ ದಾಟಿದ ಮೇಲೆ ಅಂಗಳದಲ್ಲಿ ನಿಂತ್ಕೊಂಡು ಮಗನ್ನ ಕೇಳಿದ್ರಂತೆ, 'ಸಾಯೋರನ್ನ ಓಡಿಸಿದ ಮನೇಲಿ ನಾನು ಹೆಂಗಪ್ಪಾ ಸಾಯ್ಲಿ' ಅಂತ. ಅವತ್ತಿಂದ ಮಗ ತಾಯಿ ಹತ್ರ ಸರಿಯಾಗಿ ಮಾತಾಡಿಲ್ಲ."

ಅವ್ವನ ಮಾತಿಗೆ ನನ್ನ ಸಿಟ್ಟು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕರಗಲಿಲ್ಲ. ಅಂಗಳದಲ್ಲಿ ನಿಂತು ಕೇಳಿದರಂತೆ. ಕೇಳಿದ್ದರಿಂದ ಅಪ್ಪನಿಗೇನು ಸಿಕ್ಕಿತು? ಕೇಳುವ ಬದಲು ಗಾಡಿಗೆ ಅಡ್ಡ ನಿಲ್ಲಬಹುದಿತ್ತಲ್ಲ? ನಾನು ಗೋಡೆಯ ಹತ್ತಿರ ಹೋಗಿ, ಅಪ್ಪ ಅಂಗಿ ನೇತುಹಾಕುತ್ತಿದ್ದ ತೂತನ್ನು ಹುಡುಕಿ, ಒಣಗಿದ ಸುಣ್ಣವನ್ನು ಉಗುರಿನಿಂದ ಕೆರೆದು ತೆಗೆದೆ. ಅದು ಮತ್ತೆ ಕಪ್ಪಗೆ ಬಾಯಿ ಬಿಟ್ಟಿತು. ಅವ್ವ ನೋಡಿದಳು. ಉಂಡೆಯಿಂದ ಒಂದು ಚೂರು ಚಿವುಟಿ ಅದನ್ನು ಮತ್ತೆ ಮುಚ್ಚಿದಳು. ನಾನು ಮತ್ತೆ ಕೆರೆಯಲಿಲ್ಲ. ಅಷ್ಟೇ ನಾನು ಸೋತಿದ್ದು.

ಹೊರಡುವ ದಿನ ಬಂತು. ಅದೇ ತಳ್ಳುಗಾಡಿ. ಟ್ರಂಕು, ಹಾಸಿಗೆ, ಒರಳು, ಜಮಖಾನದಲ್ಲಿ ಸುತ್ತಿದ ಅಪ್ಪನ ಪಟ. ಎರಡು ಕೋಣೆಯಲ್ಲಿ ತುಂಬಿಕೊಂಡಿದ್ದ ಬದುಕು ಗಾಡಿಯ ಮೇಲೆ ಅರ್ಧಕ್ಕೆ ಬಂತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಅವ್ವ ನಮ್ಮ ಕಡೆಯ ರೀತಿಯಂತೆ ಮೂಲೆಯಲ್ಲಿ ಒಂದು ಹಿಡಿ ಅಕ್ಕಿ ಇಟ್ಟಳು, ಬಿಂದಿಗೆಯಲ್ಲಿ ನೀರು ತುಂಬಿಸಿಟ್ಟಳು, ಗೂಡಿನಲ್ಲಿ ದೀಪ ಹಚ್ಚಿಟ್ಟಳು. ಬಿಟ್ಟು ಹೋಗುವ ಮನೆ ಹಸಿದಿರಬಾರದು, ಬಾಯಾರಿರಬಾರದು, ಕತ್ತಲಲ್ಲಿರಬಾರದು. ಆದರೆ ಕಬ್ಬಿಣದ ಇದ್ದಿಲೊಲೆಯನ್ನು ಮಾತ್ರ ಗಾಡಿಗೆ ಹಾಕಲು ಬಿಡಲಿಲ್ಲ. ಅದರಲ್ಲಿ ಕೆಂಡ ಇತ್ತು.

ಪರ್ವತಯ್ಯ ಹೆಂಡತಿಯ ಜೊತೆ ಬಂದರು. ಗೋಡೆ ನೋಡಿದರು, ನಲ್ಲಿ ತಿರುಗಿಸಿದರು, ಕಿಟಕಿ ತೆರೆದು ಮುಚ್ಚಿದರು. ಇಷ್ಟು ಚೆನ್ನಾಗಿ ಮನೆ ಬಿಟ್ಟುಕೊಟ್ಟವರನ್ನು ಕಂಡಿಲ್ಲ, ಬಾಡಿಗೆಯವರೆಂದರೆ ಹೀಗಿರಬೇಕು ಎಂದರು. ಹಗ್ಗ ಕಂಡು ಇದು ಯಾಕೆ ಎನ್ನುವ ಹಾಗೆ ಹುಬ್ಬೇರಿಸಿದವರು, ಅರ್ಥವಾದವರ ಹಾಗೆ ತಟ್ಟನೆ ಬೇರೆ ಕಡೆ ನೋಡಿದರು. ಆಮೇಲೆ ಬೀಗದ ಕೈಗೆ ಕೈ ಚಾಚಿದರು.

ನಾನು ಅಡ್ಡ ನಿಂತೆ.

"ಗಾರೆಯವರು ಯಾವತ್ತು ಬರ್ತಾರೆ?"

ಬರುತ್ತಾರೆ, ಮಾತಾಡಿದೆ ಎಂದರು.

"ಬಾಡಿಗೆ ಮನೆ ಇರೋಕೆ, ಹೋಗೋಕಲ್ಲ ಅಂದಿದ್ರಿ. ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ್ರಿ. ಈಗ ಹೋಗೋಕೂ ಆಗುತ್ತಾ?"

ಅವರ ಹೆಂಡತಿ, ಸಣ್ಣ ಬಾಯಲ್ಲಿ ದೊಡ್ಡ ಮಾತು ಬೇಡ ಎಂದಳು. ಪರ್ವತಯ್ಯ ಅವಳನ್ನು ತಡೆದು, ದುಃಖದಲ್ಲಿರುವ ಹುಡುಗ, ತಂದೆ ಇಲ್ಲದವನು ಎಂದು ನೆರೆದವರಿಗೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದರು. ಆ ದನಿಯೇ ನನ್ನನ್ನು ಕೆಡಿಸಿದ್ದು.

"ಹಿಂದಿನ ಓಣಿಗೆ ಎಷ್ಟು ದೊಡ್ಡ ಶಾಮಿಯಾನ ಹಿಡಿಯುತ್ತೆ ಅಂತ ನನ್ನನ್ನೇ ಕೇಳಬಹುದಿತ್ತು ನೀವು," ಎಂದೆ. "ಕಟ್ಟೋನು ನಾನೇ ಅಲ್ವಾ. ಅಂಗಡಿತನಕ ಹೋಗಿ ಯಾಕೆ ದಣಿದ್ರಿ?"

ಅವರ ಮುಖದಿಂದ ಆ ಮೆದುತನ ಒಂದು ಕ್ಷಣ ಜಾರಿತು. ಅದರ ಕೆಳಗಿದ್ದದ್ದನ್ನು ನಾನು ನೋಡಿದೆ. ಕ್ರೌರ್ಯ ಇರುತ್ತದೆ ಎಂದುಕೊಂಡಿದ್ದೆ. ಇದ್ದದ್ದು ಬರೀ ಅವಸರ. ಅಂಗಡಿ ತೆರೆಯಲು ಹೊತ್ತಾಯಿತು ಎನ್ನುವವರ ಅವಸರ. ಕ್ರೌರ್ಯವೇ ಆಗಿದ್ದರೆ ವಾಸಿಯಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅಷ್ಟರಲ್ಲಿ ಅಂಗಳದ ಕಡೆಯ ಸಣ್ಣ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಹೊನ್ನಜ್ಜಿ ಒಬ್ಬಳೇ ಬಂದಿದ್ದಳು, ಯಾರನ್ನೂ ಕಾಯದೆ. ಕಾಲು ಎರಡೂ ಬಾತು ಕಂಬದ ಹಾಗಿದ್ದವು. ಬಾಗಿಲವಾಡ ಹಿಡಿದು ಬಹಳ ಹೊತ್ತು ಉಸಿರು ಎಳೆದುಕೊಂಡಳು. ಎಲ್ಲ ಕೇಳಿಸಿಕೊಂಡಿದ್ದಳು ಎಂಬುದು ಅವಳ ಮುಖದಲ್ಲೇ ಇತ್ತು. ಮಗನ ಕಡೆ ತಿರುಗಿ ಕೇಳಿದಳು.

"ಬಾಡಿಗೆ ಎಷ್ಟು ಹೇಳಿದೀಯಪ್ಪಾ ನಂಗೆ?"

ಓಣಿಯಲ್ಲಿ ಯಾರೋ ನಕ್ಕು, ನಕ್ಕದ್ದಕ್ಕೆ ಬಾಯಿ ಮುಚ್ಚಿಕೊಂಡರು. ಪರ್ವತಯ್ಯ ಏನಮ್ಮ ನೀನು ಎಂದು ಗೊಣಗಿದರು.

ಅವ್ವ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹಗ್ಗದ ಮೇಲೆ ಇಟ್ಟಳು. ಅಜ್ಜಿ ಹಗ್ಗ ಹಿಡಿದು ಗೋಡೆಯುದ್ದಕ್ಕೂ ಹೋಗಿ ಕಿಟಕಿಯ ಪಕ್ಕ ಅವ್ವ ಹಾಸಿಟ್ಟಿದ್ದ ಚಾಪೆಯ ಮೇಲೆ ಕೂತಳು. ಆಗ ಅವ್ವ ಇದ್ದಿಲೊಲೆಯ ಮೇಲೆ ಹಿತ್ತಾಳೆ ಚೊಂಬು ಇಟ್ಟು ಹಾಲು ಸುರಿದಳು. ಮನೆಗೆ ಹೊಸದಾಗಿ ಬರುವವರು ಹಾಲು ಉಕ್ಕಿಸುತ್ತಾರೆ. ಬಿಟ್ಟು ಹೋಗುವವರು ಉಕ್ಕಿಸುವುದನ್ನು ಯಾರೂ ಕಂಡಿಲ್ಲ. ಅದೂ ಸಾಯಲೆಂದು ತಂದು ಇರಿಸಿದವರಿಗಾಗಿ. ಪರ್ವತಯ್ಯನವರ ಹೆಂಡತಿಗೆ ತಡೆಯಲಾಗಲಿಲ್ಲ, ಇದೆಲ್ಲ ಯಾಕೆ ತಾಯಮ್ಮ ಎಂದಳು.

"ಹೊಸ ಮನೆಗೆ ಬಂದೋರು ಹಾಲು ಉಕ್ಕಿಸದೇ ಇರ್ತಾರಾ?" ಎಂದಳು ಅವ್ವ. "ಅಜ್ಜಿ ಬಾಳೋಕೆ ಬಂದವ್ರೆ."

ಹಾಲು ಉಕ್ಕಿ ಕೆಂಡದ ಮೇಲೆ ಬಿದ್ದು ಚುರ್ರೆಂದಿತು. ಆ ವಾಸನೆ ಕೋಣೆಯೆಲ್ಲ ತುಂಬಿತು. ಪರ್ವತಯ್ಯ ಮತ್ತೆ ಕೈ ಚಾಚಿದರು, ಹೊತ್ತಾಯಿತು ಬೀಗದ ಕೈ ಕೊಡಮ್ಮ ಎಂದರು. ಅವ್ವ ಸೊಂಟದಿಂದ ಬೀಗದ ಕೈ ತೆಗೆದಳು. ಚಾಚಿದ ಕೈಯ ಪಕ್ಕದಿಂದಲೇ ನಡೆದು ಹೋಗಿ ಅದನ್ನು ಅಜ್ಜಿಯ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಮನೆ ಒಪ್ಪಿಸಿದೀನಿ ಅಜ್ಜಿ. ಏನೂ ಹಾಳು ಮಾಡಿಲ್ಲ. ನೋಡ್ಕೊಳ್ಳಿ."

ಅಜ್ಜಿ ಸುತ್ತ ನೋಡಿದಳು. ಗೋಡೆಯಲ್ಲಿ ಒಂದೂ ತೂತು ಕಾಣಲಿಲ್ಲ. ಕೊರಳಲ್ಲಿದ್ದ ಕರಿದಾರ ಬಿಚ್ಚಿ ಬೀಗದ ಕೈಯನ್ನು ಅದಕ್ಕೆ ಪೋಣಿಸಲು ಹೋದಳು, ಆಗಲಿಲ್ಲ. ಅವ್ವನೇ ಪೋಣಿಸಿ ಕಟ್ಟಿದಳು. ನಾನು ಗಾಡಿಯ ಹಿಡಿ ಹಿಡಿದುಕೊಂಡು ಹೊರಗೇ ಇದ್ದೆ. ಒಳಗೆ ಹೋಗಿ ಕಾಲಿಗೆ ಬೀಳು ಎಂದು ಅವ್ವ ಕಣ್ಣಲ್ಲೇ ಹೇಳಿದಳು. ನಾನು ಹೋಗಲಿಲ್ಲ.

ಮುದುಕಿ ಅವರ ಲೆಕ್ಕದಂತೆ ನಡೆದುಕೊಳ್ಳಲಿಲ್ಲ. ಮದುವೆಯ ಕಾಲ ಮುಗಿಯಿತು, ಪಾತ್ರೆಗಳು ಮಾರಿಹೋದವು, ಕೆಟ್ಟ ನಕ್ಷತ್ರಗಳು ಬಂದು ಬಂದು ಹೋದವು. ಅವಳು ಕಿಟಕಿಯ ಪಕ್ಕ ಕೂತೇ ಇದ್ದಳು. ತಾಯಿಯನ್ನು ಹಿಂದಕ್ಕೆ ಹಾಕಿದ್ದಾರೆ ಎಂದು ಪೇಟೆಯಲ್ಲಿ ಅಲ್ಲಿ ಇಲ್ಲಿ ಮಾತು ಹುಟ್ಟಿದಾಗ ಪರ್ವತಯ್ಯ ನಾಲ್ಕು ಜನರ ಎದುರಿಗೆ ಅವಳನ್ನು ವಾಪಸು ಕರೆದುಕೊಂಡು ಹೋಗಲು ಬಂದರಂತೆ. ಅಜ್ಜಿ ಒಳಗಿನಿಂದ ಚಿಲಕ ಹಾಕಿಕೊಂಡು, ತಾಯಮ್ಮನಿಗೆ ಹೇಳಿದ ಹಾಗೆ ನನಗೂ ತಿಂಗಳು ಮುಂಚೆ ಹೇಳು, ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದಳಂತೆ. ಅವ್ವ ಇದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ವಾರ ವಾರವೂ ನಶ್ಯ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲ.

ನನಗೆ ನಗು ಬರಲಿಲ್ಲ. ಯಾಕೆ ಬರಬೇಕು? ಪರ್ವತಯ್ಯನವರಿಗೆ ಏನಾಯಿತು? ಏನೂ ಆಗಲಿಲ್ಲ. ಅಂಗಡಿ ಇನ್ನೊಂದು ಬಾಗಿಲಷ್ಟು ಅಗಲವಾಯಿತು. ತಾಯಿಗೆಂದೇ ಬೇರೆ ಮನೆ ಬಿಟ್ಟುಕೊಟ್ಟಿದ್ದಾರೆ, ಬಾಡಿಗೆ ಹೋದರೂ ಲೆಕ್ಕಿಸದೆ ನೋಡಿಕೊಳ್ಳುತ್ತಿದ್ದಾರೆ ಎಂದು ಅದೇ ಪೇಟೆಯ ಜನ ಆಮೇಲೆ ಹೊಗಳತೊಡಗಿದರು. ನಾವು ತಗಡಿನ ಕೆಳಗೆ ಬೇಯುತ್ತಿದ್ದೆವು. ನನ್ನಪ್ಪ ಮೆಟ್ಟಿಲ ಕೆಳಗೆ ಸತ್ತದ್ದು ಹಾಗೆಯೇ ಇತ್ತು. ಅದನ್ನು ಯಾವ ಸುಣ್ಣವೂ ಮುಚ್ಚಿರಲಿಲ್ಲ.

ಒಂದು ವಾರ ಅವ್ವನಿಗೆ ಜ್ವರ ಬಂತು. ನಶ್ಯದ ಪೊಟ್ಟಣ ನನ್ನ ಕೈಗೆ ಬಂತು. ಸರಿ, ಹೋಗುತ್ತೇನೆ ಎಂದುಕೊಂಡೆ. ಹೋಗಿ, ಅಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಕೇಳುತ್ತೇನೆ. ಗಾಡಿಗೆ ಅಡ್ಡ ಯಾಕೆ ನಿಲ್ಲಲಿಲ್ಲ ಎಂದು ಕೇಳುತ್ತೇನೆ. ದಾರಿಯುದ್ದಕ್ಕೂ ಮಾತನ್ನು ಹರಿತ ಮಾಡಿಕೊಂಡು ಹೋದೆ.

ಮಧ್ಯಾಹ್ನ. ಓಣಿಯ ಬಾಗಿಲು ತೆರೆದೇ ಇತ್ತು. ಅಜ್ಜಿ ಬೆಳಕು ಬೀಳುವ ಕಡೆ ಮುಖ ಮಾಡಿ ಅಂಗಾತ ಮಲಗಿದ್ದಳು, ಬಾಯಿ ಸ್ವಲ್ಪ ತೆರೆದುಕೊಂಡು. ಕರೆದೆ. ಏಳಲಿಲ್ಲ. ಇನ್ನೊಮ್ಮೆ ಕರೆದೆ. ನನ್ನ ಸ್ವರ ನನಗೇ ಬೇರೆಯಾಗಿ ಕೇಳಿತು. ಹೊಸಿಲ ಮೇಲೆ ಒಂದು ಕಾಲಿಟ್ಟು ನಿಂತೆ. ಕೇಳಬೇಕೆಂದು ತಂದ ಮಾತು ಎಲ್ಲಿ ಹೋಯಿತೋ. ಕಣ್ಣು ಹೋದದ್ದು ಅವಳ ಎದೆಯ ಮೇಲಿದ್ದ ಬೀಗದ ಕೈಯ ಕಡೆಗೆ. ಕರಿದಾರದ ತುದಿಯಲ್ಲಿ ಅದು ಅಲ್ಲಾಡದೆ ಬಿದ್ದಿತ್ತು. ನಾನು ಉಸಿರು ಹಿಡಿದು ಅದನ್ನೇ ನೋಡಿದೆ.

ಅದು ಎದ್ದಿತು. ಬಿಸಿಲು ಅದರ ಅಂಚಿಗೆ ತಾಕಿತು. ಇಳಿಯಿತು. ಬಹಳ ಹೊತ್ತು ತಡೆದು, ಮತ್ತೆ ಎದ್ದಿತು.